ಒಂದು ವರ್ಷದ ರಾಜಕುಮಾರಿಗೆ ನಾವು ಕೊಡುವುದೇನು?

ಮಗುವಿನ ಮೊದಲ ಹುಟ್ಟುಹಬ್ಬ ಒಂದು ವಿಚಿತ್ರ ಸಮಾರಂಭ. ಯಾರ ಹೆಸರಿನಲ್ಲಿ ಎಲ್ಲರೂ ಸೇರಿರುತ್ತಾರೋ ಆ ವ್ಯಕ್ತಿಗೆ ಮಾತ್ರ ಅದರ ಅರ್ಥ ಗೊತ್ತಿರುವುದಿಲ್ಲ. ತಾನು ಹುಟ್ಟಿ ಒಂದು ವರ್ಷವಾಯಿತೆಂಬುದು ಮಗುವಿಗೆ ತಿಳಿಯದು. ದೊಡ್ಡವಳಾದ ಮೇಲೆ ಆ ದಿನದ ನೆನಪೂ ಅವಳಲ್ಲಿ ಉಳಿಯದು. ಸುಮಾರು ಮೂರು ವರ್ಷ ವಯಸ್ಸಿಗಿಂತ ಹಿಂದಿನ ಘಟನೆಗಳು ಸಾಮಾನ್ಯವಾಗಿ ಯಾರ ನೆನಪಿನಲ್ಲೂ ಇರುವುದಿಲ್ಲ ಎಂದು ಮನಶ್ಶಾಸ್ತ್ರ ಹೇಳುತ್ತದೆ. ಹಾಗಿದ್ದರೂ ನಾವು ತಿಂಗಳುಗಟ್ಟಲೆ ಮೊದಲೇ ಹಾಲ್ ಗೊತ್ತುಮಾಡುತ್ತೇವೆ, ಫೋಟೋಗ್ರಾಫರ್‌ಗೆ ಮುಂಗಡ ಕೊಡುತ್ತೇವೆ, ಊಟದ ಪಟ್ಟಿಯನ್ನು ನಾಲ್ಕು ಸಲ ತಿದ್ದುತ್ತೇವೆ. ಯಾರಿಗಾಗಿ? ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಧೈರ್ಯ ನಮ್ಮಲ್ಲಿ ಅನೇಕರಿಗೆ ಇಲ್ಲ. ಕೇಳಿದವರನ್ನು ನಾವು ಜಿಪುಣರೆಂದೋ ಸಿಡುಕರೆಂದೋ ಬದಿಗೆ ಸರಿಸಿಬಿಡುತ್ತೇವೆ.

ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಮಾತ್ರವಲ್ಲ, ತಾಲೂಕು ಕೇಂದ್ರಗಳಲ್ಲೂ ಈಗ ಅಲಂಕಾರದವನು ಮೊದಲು ಕೇಳುವ ಪ್ರಶ್ನೆ, "ಥೀಮ್ ಯಾವುದು?" ಗಂಡುಮಗುವಾದರೆ ಕಾಡುಪ್ರಾಣಿ, ಕಾರು, ವಿಮಾನ. ಹೆಣ್ಣುಮಗುವಾದರೆ ಚಿಟ್ಟೆ, ಬಾರ್ಬಿ, ಯೂನಿಕಾರ್ನ್; ಎಲ್ಲಕ್ಕಿಂತ ಹೆಚ್ಚಾಗಿ ರಾಜಕುಮಾರಿ. ಗುಲಾಬಿ ಬಣ್ಣದ ಬಲೂನುಗಳ ಕಮಾನು, ಬೆಳಕಿನ ಅಕ್ಷರಗಳಲ್ಲಿ ಹೆಸರು, ಮೂರು ಅಂತಸ್ತಿನ ಕೇಕ್, ಚಿನ್ನದ ಬಣ್ಣದ ಸಿಂಹಾಸನ. ಅದರ ಮೇಲೆ ಕಿರೀಟ ತೊಡಿಸಿ ಕೂರಿಸಿದ ಹನ್ನೆರಡು ತಿಂಗಳ ಕೂಸು. ಕೂಸು ಮಾಡುವ ಮೊದಲ ಕೆಲಸ ಆ ಕಿರೀಟವನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವುದು.

ಹಾಗೆಂದು ಮೊದಲ ವರ್ಷವನ್ನು ಸಂಭ್ರಮಿಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಅದು ಮಾರುಕಟ್ಟೆ ಹುಟ್ಟುಹಾಕಿದ ಆಸೆಯೂ ಅಲ್ಲ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಮಗುವಿಗೆ ವರ್ಷ ತುಂಬಿದಾಗ ಆಯುಷ್ಯ ಹೋಮ ಮಾಡಿಸುತ್ತಾರೆ. ಮುಸ್ಲಿಂ ಮನೆಗಳಲ್ಲಿ ಹುಟ್ಟಿದ ಏಳನೆಯ ದಿನ ಅಕೀಕಾ ನಡೆಯುತ್ತದೆ. ಮಗುವಿನ ತಲೆಗೂದಲು ತೆಗೆದು, ಅದರ ತೂಕದಷ್ಟು ಬೆಳ್ಳಿಯ ಬೆಲೆಯನ್ನು ಬಡವರಿಗೆ ದಾನ ಮಾಡುವ ರೂಢಿಯಿದೆ. ದೂರದ ಕೊರಿಯಾದಲ್ಲಿ ಮೊದಲ ಹುಟ್ಟುಹಬ್ಬವೇ ಬದುಕಿನ ದೊಡ್ಡ ಹಬ್ಬಗಳಲ್ಲಿ ಒಂದು. ಅಲ್ಲಿ ಮಗುವಿನ ಮುಂದೆ ನೂಲು, ಅಕ್ಕಿ, ಕುಂಚ, ಹಣ ಇಡುತ್ತಾರೆ. ಮಗು ನೂಲನ್ನು ಹಿಡಿದರೆ ದೀರ್ಘಾಯುಷಿಯೆಂದು ನಂಬುತ್ತಾರೆ. ಇವುಗಳ ಹಿಂದೆ ಒಂದು ಹಳೆಯ ಭಯವಿದೆ. ಹುಟ್ಟಿದ ಮಕ್ಕಳೆಲ್ಲ ವರ್ಷ ಪೂರೈಸುತ್ತಿರಲಿಲ್ಲ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 129 ಶಿಶುಗಳು ಮೊದಲ ಹುಟ್ಟುಹಬ್ಬಕ್ಕೆ ಮುನ್ನವೇ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಈ ಸಂಖ್ಯೆ 28ಕ್ಕೆ ಇಳಿಯಿತು. ನಮ್ಮ ಅಜ್ಜಿಯರ ಪಾಲಿಗೆ ಒಂದು ವರ್ಷವೆಂದರೆ ನದಿ ದಾಟಿದಂತೆ. ಆ ನಿಟ್ಟುಸಿರೇ ಹಬ್ಬವಾಯಿತು.

ಆದ್ದರಿಂದ ಒಂದು ಮಾತನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳೋಣ. ಮೊದಲ ಹುಟ್ಟುಹಬ್ಬ ಮಗುವಿನ ಹಬ್ಬವಲ್ಲ, ದೊಡ್ಡವರ ಹಬ್ಬ. ಒಂದು ವರ್ಷ ನಿದ್ದೆಗೆಟ್ಟ ತಾಯಿಯ ಹಬ್ಬ. ಜ್ವರದ ರಾತ್ರಿಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ತಂದೆಯ ಹಬ್ಬ. ಸ್ನಾನ ಮಾಡಿಸಿ, ಸಾಂಬ್ರಾಣಿ ಹೊಗೆ ಕೊಟ್ಟು, ಕಾಲ ಮೇಲೆ ಮಲಗಿಸಿ ತೂಗಿದ ಅಜ್ಜಿಯ ಹಬ್ಬ. ಅವರ ಸಂತೋಷಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. ಆದರೆ ಅದು ನಮ್ಮದು ಎಂದು ಒಪ್ಪಿಕೊಂಡ ಕೂಡಲೇ ಒಂದು ಹೊಣೆಯೂ ನಮ್ಮ ಹೆಗಲಿಗೇರುತ್ತದೆ. ನಮ್ಮ ಸಂತೋಷಕ್ಕೆ ಮಗುವನ್ನು ಸಲಕರಣೆಯಾಗಿ ಬಳಸಬಾರದು. ಮಗುವಿನ ಅಗತ್ಯ ಮತ್ತು ಸಮಾರಂಭದ ಅಗತ್ಯ ಎದುರುಬದುರಾದಾಗ ಹಿಂದೆ ಸರಿಯುವವರು ಯಾರು? ಇದೇ ನಿಜವಾದ ಪರೀಕ್ಷೆ.

ಈ ಪರೀಕ್ಷೆ ಸಾಮಾನ್ಯವಾಗಿ ಸಂಜೆ ಏಳು ಗಂಟೆಗೆ ಶುರುವಾಗುತ್ತದೆ. ಅತಿಥಿಗಳಿಗೆ ಅದು ಅನುಕೂಲದ ಹೊತ್ತು, ಒಂದು ವರ್ಷದ ಮಗುವಿಗೆ ನಿದ್ದೆಯ ಹೊತ್ತು. ಅಪರಿಚಿತ ಮುಖಗಳಿಗೆ ಮಗು ಅತಿ ಹೆಚ್ಚು ಹೆದರುವ ವಯಸ್ಸೂ ಇದೇ. ಗರಿಗರಿ ನೆಟ್ ಬಟ್ಟೆಯ ಫ್ರಾಕು ಕತ್ತಿನ ಬಳಿ ಚುಚ್ಚುತ್ತದೆ. ಎಲ್ಲೋ ಬಲೂನು ಒಡೆಯುತ್ತದೆ, ಎದುರಿಗೆ ಫ್ಲಾಶ್ ಮಿನುಗುತ್ತದೆ. ಮಗು ಚೀರುತ್ತದೆ. ಆಗ ನಾವು ಹೇಳುವ ಮಾತು, "ಇನ್ನೊಂದೇ ಒಂದು ಫೋಟೋ." ಕೇಕಿನ ಕೆನೆಯನ್ನು ಅವಳ ಕೆನ್ನೆಗೆ ಸವರಿ, ಬಾಯಿಗೂ ಇಡುತ್ತೇವೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ ಹೆಚ್ಚಿರುವ ತಿನಿಸು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಒಂದು ಚಮಚ ಕೆನೆಯಿಂದ ಆಕಾಶವೇನೂ ಕಳಚಿ ಬೀಳುವುದಿಲ್ಲ ನಿಜ. ಆದರೆ ಅಳುತ್ತಿರುವ ಮಗುವನ್ನು ನಗುವಂತೆ ಮಾಡಲು ಹತ್ತು ಜನ ಗಿಲಕಿ ಬಾರಿಸುತ್ತಿರುವಾಗ, ಅವಳನ್ನು ಎತ್ತಿಕೊಂಡು ಹೊರಗಿನ ಗಾಳಿಗೆ ನಡೆಯುವವರು ಒಬ್ಬರಾದರೂ ಇದ್ದಾರೆಯೇ ಎಂಬುದು ಮುಖ್ಯ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯ ವಾದವನ್ನೂ ಗೌರವದಿಂದ ಕೇಳಬೇಕು. ಅದು ಹಗುರವಾದ ವಾದವಲ್ಲ. ಹೆಣ್ಣು ಹುಟ್ಟಿದರೆ ಮನೆಯಲ್ಲಿ ಮೌನ ಕವಿಯುತ್ತಿದ್ದ ನಾಡು ನಮ್ಮದು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 2011ರಲ್ಲಿ 280ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಸರಕಾರವೇ ಮುಂದೆ ನಿಂತು ಹೊಸ ಹೆಸರು ಇಡಿಸಬೇಕಾಯಿತು. ಅವರ ಹಳೆಯ ಹೆಸರು 'ನಕುಶಾ', ಅಂದರೆ ಬೇಡವಾದವಳು. ನಮ್ಮಲ್ಲೂ 'ಸಾಕಮ್ಮ' ಎಂಬ ಹೆಸರಿನ ಹಿಂದೆ ಎಷ್ಟೋ ಸಲ ಅದೇ ಬೇಸರವಿತ್ತು. 2001ರ ಜನಗಣತಿಯಲ್ಲಿ ದೇಶದ ಆರು ವರ್ಷದೊಳಗಿನ ಪ್ರತಿ 1000 ಗಂಡುಮಕ್ಕಳಿಗೆ 927 ಹೆಣ್ಣುಮಕ್ಕಳಿದ್ದರು. 2011ರಲ್ಲಿ ಅದು 920ಕ್ಕಿಂತಲೂ ಕೆಳಗೆ ಇಳಿಯಿತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಲ್ಲೇ ಬಂದಿದ್ದರೂ, 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಈ ದಂಧೆ ನಡೆಸುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣುಶಿಶುಗಳ ಮರಣದ ತೀರ್ಪು!

ಇಂಥ ನೆಲದಲ್ಲಿ ಒಬ್ಬ ತಂದೆ ಮಗಳಿಗಾಗಿ ಹಾಲ್ ಹಿಡಿದು, "ಮುಂದಿನದಾದರೂ ಗಂಡಾಗಲಿ" ಎಂದು ಹರಸಿ ಹೋಗಿದ್ದ ಬಂಧುಗಳನ್ನೇ ಮುಂದಿನ ಸಾಲಿನಲ್ಲಿ ಕೂರಿಸಿ ಊಟ ಹಾಕಿದರೆ, ಅದನ್ನು ಬರೀ ಆಡಂಬರವೆಂದು ತಳ್ಳಿಹಾಕಲು ನಮಗೆ ಮನಸ್ಸು ಬರುವುದಿಲ್ಲ. ಅದು ಒಂದು ಉತ್ತರ. ಸರಳತೆಯ ಉಪದೇಶ ಮಾಡುವವರಲ್ಲಿ ಕೆಲವರು ಮಗನ ಕಾರ್ಯಕ್ಕೆ ಬೀದಿ ತುಂಬ ಚಪ್ಪರ ಹಾಕಿಸಿ, ಮಗಳ ಸರದಿ ಬಂದಾಗ ಮಾತ್ರ ದುಂದುವೆಚ್ಚದ ವಿರುದ್ಧ ಮಾತಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಮಗಳಿಗೆ ಮಾತ್ರ ಅನ್ವಯವಾಗುವ ಮಿತವ್ಯಯ ಸದ್ಗುಣವಲ್ಲ.

ಆದರೆ ಉತ್ತರ ಕೊಡುವಾಗ ಏನು ಹೇಳುತ್ತಿದ್ದೇವೆ ಎಂಬುದನ್ನೂ ನೋಡಬೇಕಲ್ಲವೇ? 'ನೀನು ಬೇಡ' ಎಂದ ಸಮಾಜಕ್ಕೆ 'ಇವಳು ನಮ್ಮ ರಾಜಕುಮಾರಿ' ಎಂದು ನಾವು ಉತ್ತರಿಸುತ್ತೇವೆ. ಈ ರಾಜಕುಮಾರಿ ಯಾವ ಅರಮನೆಯವಳು? ಅಮೆರಿಕದ ಡಿಸ್ನಿ ಕಂಪೆನಿ 2000ದ ಸುಮಾರಿಗೆ ಸ್ನೋ ವೈಟ್, ಸಿಂಡ್ರೆಲಾ ಮುಂತಾದ ಬೇರೆ ಬೇರೆ ಕಥೆಗಳ ಹುಡುಗಿಯರನ್ನು ಒಂದೇ ಗುಂಪಾಗಿ ನಿಲ್ಲಿಸಿ ಮಾರಾಟಕ್ಕಿಟ್ಟಿತು. 2001ರಲ್ಲಿ ಸುಮಾರು 30 ಕೋಟಿ ಡಾಲರ್ ಇದ್ದ ಆ ವಹಿವಾಟು ಐದೇ ವರ್ಷಗಳಲ್ಲಿ 300 ಕೋಟಿ ಡಾಲರ್ ತಲುಪಿತು. ಹೆಣ್ಣಿಗೆ ಗುಲಾಬಿ ಎಂಬುದೂ ಪ್ರಕೃತಿಯ ನಿಯಮವಲ್ಲ. 1918ರಲ್ಲಿ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರಿ ಪತ್ರಿಕೆಯೊಂದು ಗುಲಾಬಿ ಗಟ್ಟಿ ಬಣ್ಣವಾದ್ದರಿಂದ ಹುಡುಗರಿಗೆ, ತಿಳಿನೀಲಿ ನಾಜೂಕಾದ್ದರಿಂದ ಹುಡುಗಿಯರಿಗೆ ಎಂದು ಸಲಹೆ ಮಾಡಿತ್ತು. ಉಳ್ಳಾಲದ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದವಳು, ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಬ್ರಿಟಿಷರ ವಿರುದ್ಧ ನಿಂತವಳು. ಅವರು ಏನು ಮಾಡಿದರು ಎಂಬುದರಿಂದ ರಾಣಿಯರಾಗಿ ನೆನಪಿನಲ್ಲಿ ಉಳಿದರು. ಬಲೂನಿನ ಕಮಾನಿನ ಕೆಳಗಿನ ರಾಜಕುಮಾರಿಗೆ ಮಾಡಲು ಏನೂ ಕೆಲಸವಿಲ್ಲ. ಚೆಂದ ಕಾಣಬೇಕು, ಕೂತಲ್ಲೇ ಕೂತಿರಬೇಕು, ಎಲ್ಲರೂ ನೋಡಲು ಒದಗಬೇಕು.

ಇದನ್ನು ಇನ್ನೂ ಸ್ವಲ್ಪ ಮುಂದಕ್ಕೆ ಯೋಚಿಸೋಣ. ಇಂದು ಅವಳನ್ನು ಕೂರಿಸಿದ ಹಾಲ್, ಅದೇ ಊರಿನ ಮದುವೆ ಹಾಲ್. ಸಿಂಹಾಸನ ತಂದವನೂ ಹೂವು ಕಟ್ಟಿದವನೂ ವೀಡಿಯೋ ತೆಗೆದವನೂ ಮದುವೆಗೆ ಬರುವವರೇ. ಬಂದವರು ವೇದಿಕೆ ಹತ್ತಿ, ಕವರು ಕೊಟ್ಟು, ಫೋಟೋಕ್ಕೆ ನಿಂತು ಇಳಿಯುವ ಕ್ರಮವೂ ಅದೇ. ಮಾತು ಬಾರದ ಕೂಸಿಗೆ ನಾವು ಗೊತ್ತಿಲ್ಲದೆಯೇ ಮದುಮಗಳಾಗುವ ತಾಲೀಮು ಮಾಡಿಸುತ್ತಿದ್ದೇವೆ. ಹೆಣ್ಣಿನ ಬಾಳಿನಲ್ಲಿ ಜನ ಸೇರಿ ನೋಡಬೇಕಾದ ದಿನ ಯಾವುದು ಎಂಬ ಹಳೆಯ ಕಲ್ಪನೆಯಿಂದ ನಾವು ಹೊರಗೇ ಬಂದಿಲ್ಲ.

ಇನ್ನು ಆ ಕವರಿನ ವಿಷಯ. ನಮ್ಮ ಹಳ್ಳಿಗಳಲ್ಲಿ ಮದುವೆಗೆ ಬಂದವರು ಮುಯ್ಯಿ ಮಾಡುತ್ತಿದ್ದರು. ಒಬ್ಬರು ಪುಸ್ತಕ ಹಿಡಿದು ಕೂತು ಯಾರು ಎಷ್ಟು ಕೊಟ್ಟರೆಂದು ಬರೆಯುತ್ತಿದ್ದರು. ಒಂದೇ ಸಲಕ್ಕೆ ಒಬ್ಬರ ಮೇಲೆ ಬೀಳುವ ಭಾರವನ್ನು ಊರು ಹಂಚಿಕೊಳ್ಳುವ ಉಪಾಯ ಅದು. ಮಗುವಿನ ಹುಟ್ಟುಹಬ್ಬಕ್ಕೆ ಅಂಥ ಭಾರವೇನೂ ಇರಲಿಲ್ಲ. ನಾವೇ ಅದನ್ನು ಸೃಷ್ಟಿಸಿದೆವು. ಪುಸ್ತಕ ಕಾಣುವುದಿಲ್ಲ, ಲೆಕ್ಕ ಮಾತ್ರ ಉಳಿಯಿತು. ಸಾಲ ಮಾಡಿ ಉಂಗುರ ತರುವ ಸೋದರಮಾವನ ಬಗ್ಗೆ, ಹೆಚ್ಚೇನೂ ಕೊಡಲಾಗದೆ ಜ್ವರದ ನೆಪ ಹೇಳಿ ಮನೆಯಲ್ಲೇ ಉಳಿಯುವ ಬಡ ಚಿಕ್ಕಮ್ಮನ ಬಗ್ಗೆ ಥೀಮ್ ಆರಿಸುವಾಗ ಯಾರೂ ಯೋಚಿಸುವುದಿಲ್ಲ. ಕೂಸಿಗೆ ಕೊಡುವುದರಲ್ಲಿ ಒಂದು ಪಾವಿತ್ರ್ಯವಿದೆ. ಅವಳು ಕೃತಜ್ಞತೆ ಹೇಳಲಾರಳು, ನೆನಪಿಡಲಾರಳು, ತಿರುಗಿ ಕೊಡಲಾರಳು. ಲೋಕದಲ್ಲಿ ಪ್ರತಿಫಲದ ಆಸೆಯಿಲ್ಲದೆ ಕೊಡಲು ಸಿಗುವ ಅಪರೂಪದ ಅವಕಾಶ ಇದು. ಅದೇ ದಿನವನ್ನು ನಾವು ಕೊಡುಕೊಳ್ಳುವ ಲೆಕ್ಕದ ದಿನವಾಗಿಸಿದ್ದೇವೆ.

ಅವಳಿಂದ ನಾವು ಕೇಳದೆಯೇ ತೆಗೆದುಕೊಳ್ಳುವುದೂ ಒಂದಿದೆ. ಅದು ಅವಳ ಚಿತ್ರ. ಸ್ನಾನದ ತೊಟ್ಟಿಯಿಂದ ಹಿಡಿದು ಕೇಕು ಮೆತ್ತಿದ ಮುಖದವರೆಗೆ ಎಲ್ಲವೂ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ಮನೆಯವರ ಸ್ವಂತ ಬಳಕೆ ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ಕಂಪೆನಿಗಳಿಂದ ಮಗುವನ್ನು ಕಾಯುವ ಕಾವಲುಗಾರರು ನಾವು. ನಮ್ಮಿಂದ ಅವಳನ್ನು ಕಾಯಲು ನಮ್ಮ ವಿವೇಕವಲ್ಲದೆ ಬೇರಾರೂ ಇಲ್ಲ. ಹದಿನೈದನೆಯ ವಯಸ್ಸಿನಲ್ಲಿ ಅವಳು ನೋಡಿ ಮುಜುಗರಪಡದ ಚಿತ್ರವಷ್ಟೇ ನಮ್ಮ ಕೈದಾಟಲಿ ಎಂದುಕೊಂಡರೆ ಸಾಕು.

ಹಾಗಾದರೆ ಏನು ಮಾಡೋಣ? ಹಬ್ಬ ಮಾಡೋಣ. ಸಂಜೆಯ ಬದಲು ಅವಳು ನಿದ್ದೆ ಮುಗಿಸಿ ಎದ್ದ ಹೊತ್ತಿನಲ್ಲಿ, ಎರಡೇ ಗಂಟೆಯ ಹಬ್ಬ. ಮೆತ್ತನೆಯ ಹತ್ತಿಯ ಬಟ್ಟೆ. ಅವಳಿಗೆ ಪರಿಚಿತವಾದ ಮುಖಗಳು. ಈ ವರ್ಷ ಅವಳನ್ನು ನಿಜವಾಗಿ ಎತ್ತಿಕೊಂಡವರ ಪಟ್ಟಿ ಮಾಡಿದರೆ ಅತಿಥಿಗಳ ಪಟ್ಟಿ ತಾನೇ ಸಿದ್ಧವಾಗುತ್ತದೆ. ಎಣ್ಣೆ ಹಚ್ಚಿ ಮೀಯಿಸಿದ ಅಜ್ಜಿ, ಲಸಿಕೆಯ ದಿನ ನೆನಪಿಸಿದ ಆಶಾ ಕಾರ್ಯಕರ್ತೆ, ಪಕ್ಕದ ಮನೆಯವರು. ಮನೆಗೆಲಸಕ್ಕೆ ಬರುವಾಕೆಯೂ ಅವಳ ಮಕ್ಕಳೂ ಅಂದು ಪಾತ್ರೆ ತೊಳೆಯಲು ಬರುವುದು ಬೇಡ, ಎಲೆಯ ಮುಂದೆ ಕೂರಲು ಬರಲಿ. ಉಡುಗೊರೆ ಬೇಡವೆಂದು ಕರೆಯುವಾಗಲೇ ಸ್ಪಷ್ಟವಾಗಿ ಹೇಳೋಣ. ಥೀಮ್ ಬೇಕೇ ಬೇಕೆಂದರೆ ಅದನ್ನು ಮಗುವೇ ಆರಿಸಲಿ. ಒಂದು ವರ್ಷದ ಕೂಸಿಗೂ ಇಷ್ಟಗಳಿವೆ. ಕಿಟಕಿಗೆ ಬರುವ ಕಾಗೆಯನ್ನು ಕಂಡು 'ಕಾ ಕಾ' ಎನ್ನುತ್ತಾಳಾದರೆ ಕಾಗೆಯೇ ಥೀಮ್ ಆಗಲಿ. ಉಕ್ಕಿನ ಚಮಚ ಬಡಿಯುವುದೇ ಅವಳ ಪರಮಾನಂದವಾದರೆ ಎಲ್ಲರ ಕೈಗೂ ಒಂದೊಂದು ಚಮಚ ಕೊಡೋಣ! ನಗಬೇಡಿ. ಅವಳು ಏನಾಗಬೇಕೆಂದು ಹೇಳುವುದನ್ನು ಬಿಟ್ಟು, ಅವಳು ಯಾರೆಂದು ಗಮನಿಸುವುದು ಅಲ್ಲಿಂದಲೇ ಶುರುವಾಗುತ್ತದೆ.

ಅಂದೇ ಮಾಡಬಹುದಾದ ಇನ್ನೊಂದು ಸಣ್ಣ ಕೆಲಸವಿದೆ. ಅನೇಕ ಮಕ್ಕಳ ಜನನ ನೋಂದಣಿ ಹೆಸರಿಡುವ ಮೊದಲೇ ಆಗಿರುತ್ತದೆ. ನೋಂದಣಿಯಾಗಿ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ವಿಳಂಬ ಶುಲ್ಕ ತೆರಬೇಕು. 2023ರ ತಿದ್ದುಪಡಿಯ ನಂತರ ಶಾಲೆಯ ಪ್ರವೇಶದಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಈ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಬೆಳಕಿನ ಅಕ್ಷರಗಳಲ್ಲಿ ಹೆಸರು ಬರೆಸುವ ಮುನ್ನ ಆ ಕಾಗದದಲ್ಲಿ ಹೆಸರಿದೆಯೇ ಎಂದು ನೋಡೋಣ. ಬೆಳಕಿನ ಅಕ್ಷರಗಳನ್ನು ಅಲಂಕಾರದವನು ಆ ರಾತ್ರಿಯೇ ಬಿಚ್ಚಿಕೊಂಡು ಹೋಗುತ್ತಾನೆ.

ಸಾಕ್ಷಿಗಳನ್ನು ಕರೆದು ಊಟ ಹಾಕುವುದೆಂದರೆ ಒಂದು ಮಾತು ಕೊಟ್ಟಂತೆ. 'ಈ ಮಗಳು ನಮಗೆ ಬೇಕು' ಎಂಬುದೇ ಆ ಮಾತು. ಅದನ್ನು ಉಳಿಸಿಕೊಂಡೆವೋ ಇಲ್ಲವೋ ಎಂಬುದು ಬಲೂನುಗಳಿಲ್ಲದ ಹುಟ್ಟುಹಬ್ಬಗಳಲ್ಲಿ ಗೊತ್ತಾಗುತ್ತದೆ. ಹದಿನಾರರಲ್ಲಿ ಅವಳು ದೂರದ ಕಾಲೇಜಿಗೆ ಹೋಗುತ್ತೇನೆಂದಾಗ, ಇಪ್ಪತ್ತೈದರಲ್ಲಿ 'ಈ ಸಂಬಂಧ ಬೇಡ' ಎಂದಾಗ, ನಾವು ಇಲ್ಲವಾದ ಮೇಲೆ ಆಸ್ತಿ ಹಂಚುವಾಗ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲೆಂದು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು 2005ರಲ್ಲಿ ಬಂತು. ಮುಸ್ಲಿಂ ಹೆಣ್ಣುಮಗಳ ಪಾಲನ್ನು ಕುರ್‌ಆನ್ ಶತಮಾನಗಳ ಹಿಂದೆಯೇ ನಿಗದಿಪಡಿಸಿದೆ. ಆದರೂ ಎರಡೂ ಕಡೆ ಎಷ್ಟು ಮನೆಗಳಲ್ಲಿ ಅಕ್ಕತಂಗಿಯರು ಹಕ್ಕುಬಿಡುಗಡೆ ಪತ್ರಕ್ಕೆ ಸುಮ್ಮನೆ ಸಹಿ ಹಾಕಿ ಬರುವುದಿಲ್ಲ? ಒಂದನೆಯ ವರ್ಷದಲ್ಲಿ ಸಿಂಹಾಸನದ ಮೇಲೆ ಕೂತ ಮಗಳಿಗೆ ಐವತ್ತನೆಯ ವರ್ಷದಲ್ಲಿ ತವರಿನಲ್ಲಿ ಒಂದು ಕೋಣೆಯೂ ತನ್ನದೆನ್ನಲು ಇಲ್ಲವಾದರೆ, ಅಂದು ಕೊಟ್ಟ ಮಾತಿಗೆ ಬೆಲೆಯೇನು? ಹಬ್ಬದ ಖರ್ಚು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಆಮೇಲಿನ ಪ್ರಶ್ನೆ. ಆ ದಿನ ನಾವು ಹೇಳಿದ್ದು ನಿಜವೇ ಎಂಬುದು ಮೊದಲ ಪ್ರಶ್ನೆ.