ಗಾಡಿ ಕಾಯಬೇಕೆ?

ನನ್ನ ತವರು ಬಾಗೂರಿಗೆ ರೈಲಿಲ್ಲ. ಚೆನ್ನಕೇಶವನ ಗುಡಿ ಇದೆ, ತೆಂಗಿನ ತೋಟಗಳಿವೆ, ಕೂತು ಮಾತಾಡಲು ಪುರಸೊತ್ತಿರುವ ಜನ ಇದ್ದಾರೆ. ರೈಲು ಬೇಕೆಂದರೆ ಮಾತ್ರ ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೊಸದುರ್ಗ ರೋಡ್ ಸ್ಟೇಷನ್ನಿಗೆ ಬರಬೇಕು. ಊರಿನ ಹೆಸರಿನ ಮುಂದೆ ರೈಲ್ವೆಯವರು 'ರೋಡ್' ಎಂದು ಬರೆದಿದ್ದರೆ, ಊರು ಅಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಇದೆ ಎಂದು ಅರ್ಥ. ಇದು ತಿಳಿಯದೆ ಇಳಿದ ನಮ್ಮ ಹೊಸ ಬೀಗರು "ಊರೆಲ್ಲಿ?" ಎಂದು ಸುತ್ತಮುತ್ತ ನೋಡಿದ್ದನ್ನು ಈಗಲೂ ಹೇಳಿಕೊಂಡು ನಗುತ್ತೇವೆ.

ನನಗಾಗ ಒಂಬತ್ತೋ ಹತ್ತೋ ವರ್ಷ. 1980ರ ಆಸುಪಾಸು. ದಾವಣಗೆರೆಯಲ್ಲಿದ್ದ ದೊಡ್ಡಮ್ಮನಿಗೆ ತೀರಾ ಹುಷಾರಿಲ್ಲವೆಂದು ಕಾಗದ ಬಂತು. ಅಮ್ಮ ನನ್ನನ್ನೂ ತಮ್ಮನನ್ನೂ ಕರೆದುಕೊಂಡು, ಒಂದು ಚೀಲ ತೆಂಗಿನಕಾಯಿಯನ್ನೂ ಹೊತ್ತು ಹೊರಟಳು. ದಾರಿಯಲ್ಲಿ ಬಸ್ಸು ಕೆಟ್ಟಿತು. ನಾವು ಸ್ಟೇಷನ್ನಿನ ಬೇಲಿಯ ಹತ್ತಿರ ಬರುವಷ್ಟರಲ್ಲಿ ಗಾಡಿ ಬಂದು ನಿಂತಿತ್ತು, ಕೈಮರ ಬಿದ್ದಿತ್ತು. ಅಮ್ಮ ಓಡಿದಳು. ನೆರಿಗೆ ಒಂದು ಕೈಯಲ್ಲಿ, ತಮ್ಮ ಸೊಂಟದ ಮೇಲೆ, ಚೀಲದ ಒಂದು ತುದಿ ನನ್ನ ಕೈಯಲ್ಲಿ. ಕೊನೆಯ ಡಬ್ಬಿಯ ಬಾಗಿಲಲ್ಲಿದ್ದ ಗಾರ್ಡು ನಮ್ಮನ್ನು ನೋಡಿದರು. ಬೀಸಲು ಎತ್ತಿದ್ದ ಹಸಿರು ಬಾವುಟವನ್ನು ಕೆಳಗಿಳಿಸಿದರು. ಅಷ್ಟೇ. ನಾವು ಹತ್ತಿದ ಮೇಲೆ ಗಾಡಿ ಹೊರಟಿತು. ದಾವಣಗೆರೆ ತಲುಪಿದಾಗ ದೊಡ್ಡಮ್ಮನಿಗೆ ಮಾತಿತ್ತು. ಮಾರನೆಯ ದಿನ ಅವಳೇ ಇರಲಿಲ್ಲ. ಹೆಸರೂ ತಿಳಿಯದ ಆ ಗಾರ್ಡನ್ನು ಅಮ್ಮ ಪ್ರತಿವರ್ಷ ಅಕ್ಕನ ತಿಥಿಯ ದಿನ ತಪ್ಪದೆ ನೆನೆಯುತ್ತಿದ್ದಳು.

ಹಾಗಾಗಿ ಡೀಸೆಲ್ ಪ್ಯಾಸೆಂಜರ್ ಗಾಡಿಯೆಂದರೆ ನನಗೆ ಪಕ್ಷಪಾತ. 1992ರಲ್ಲಿ ಯೂನಿಗೇಜ್ ಯೋಜನೆ ಬಂದು, ಆ ದಶಕದಲ್ಲೇ ನಮ್ಮ ಕಡೆಯ ಒಂದು ಮೀಟರಿನ ಹಳಿ ಹೋಗಿ 1.676 ಮೀಟರಿನ ಅಗಲದ ಹಳಿ ಬಂತು. ಗಾಡಿಯ ಸ್ವಭಾವ ಮಾತ್ರ ಬದಲಾಗಲಿಲ್ಲ. ಅಜ್ಜಂಪುರ, ಶಿವನಿ, ಹೊಸದುರ್ಗ ರೋಡ್, ರಾಮಗಿರಿ, ಹೊಳಲ್ಕೆರೆ, ಚಿಕ್ಕಜಾಜೂರು ಎಂದು, ಅರಿಶಿನ ಕುಂಕುಮಕ್ಕೆ ಕರೆಯಲು ಹೊರಟವಳಂತೆ ಒಂದು ಮನೆಯನ್ನೂ ಬಿಡದೆ ನಿಂತು ನಿಂತು ಹೋಗುತ್ತಿತ್ತು.

ಪಕ್ಷಪಾತವಿದೆಯೆಂದು ಸುಳ್ಳು ಹೇಳಬಾರದಲ್ಲ. ಸಣ್ಣ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರಂ ಎಂಬುದು ಹಳಿಯ ಮಟ್ಟದ ಮಣ್ಣು. ಅಲ್ಲಿಂದ ಗಾಡಿಯ ಮೆಟ್ಟಿಲು ಹತ್ತುವುದೆಂದರೆ ಸೀರೆ ಉಟ್ಟವಳಿಗೆ ಅಟ್ಟ ಹತ್ತಿದ ಹಾಗೆ. ಮೇಲಿನವರು ಕೈ ಕೊಡಬೇಕು, ಕೆಳಗಿನವರು ನೂಕಬೇಕು. ಇಡೀ ಗಾಡಿಯನ್ನು ಎಳೆಯುವುದು ಒಂದೇ ಎಂಜಿನ್ನು. ಡೀಸೆಲ್ಲಿನಿಂದ ಒಳಗೇ ಕರೆಂಟು ಹುಟ್ಟಿಸಿ, ಆ ಕರೆಂಟಿನಿಂದ ಚಕ್ರದ ಮೋಟರು ತಿರುಗಿಸುವ ಭಾರವಾದ ಯಂತ್ರ. ಶಿವನಿಯಿಂದ ಹೊಸದುರ್ಗ ರೋಡಿಗೆ ಇರುವುದು ಸುಮಾರು ಹತ್ತು ಕಿಲೋಮೀಟರು. ಅದು ವೇಗ ಹಿಡಿಯುವಷ್ಟರಲ್ಲಿ ಬ್ರೇಕು. ಪ್ರತಿಸಲ ಹೊರಡುವಾಗಲೂ ಕಪ್ಪು ಹೊಗೆ. ಇನ್ನು ಶೌಚಾಲಯದ ತೂತು ನೇರ ಹಳಿಯ ಮೇಲೆ. ಅದನ್ನು ಕಟ್ಟಿ ಬಯೋ ಟಾಯ್ಲೆಟ್ ಹಾಕಿದ್ದು ಕಳೆದ ದಶಕದಲ್ಲಿ. ಅಲ್ಲಿಯವರೆಗೆ ದೊಡ್ಡ ಸ್ಟೇಷನ್ನಿನ ಹಳಿಗಳ ನಡುವೆ ಪೊರಕೆ ಹಿಡಿದು ನಿಂತವರಿರುತ್ತಿದ್ದರು, ಅವರಲ್ಲಿ ಹೆಂಗಸರೂ ಇರುತ್ತಿದ್ದರು. ಕಿಟಕಿ ಪಕ್ಕ ಕೂತು ಕಡಲೆಕಾಯಿ ತಿನ್ನುತ್ತಿದ್ದ ನನ್ನ ಸವಿನೆನಪಿನಲ್ಲಿ ಅವರು ಇಲ್ಲ. ಇದ್ದರು, ನಾನು ನೋಡಿರಲಿಲ್ಲ.

ಇಷ್ಟಾದರೂ ಗಾಡಿಯ ಪರವಾಗಿಯೇ ಮಾತಾಡುತ್ತಿದ್ದೆ, 2010ರ ಬೇಸಿಗೆಯವರೆಗೆ. ಆ ವರ್ಷ ನಾವು ತವರಿಗೆ ಹೋಗಿದ್ದಾಗಲೇ ಮಗಳಿಗೆ ದಾವಣಗೆರೆಯಲ್ಲಿ ಒಂದು ಪರೀಕ್ಷೆ. ಬೆಳಿಗ್ಗೆ ಪ್ಯಾಸೆಂಜರಿಗೆ ಹೊರಟೆವು. ದಾರಿಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತ ಗಾಡಿ ಹೊರಡಲೇ ಇಲ್ಲ. ತಲೆ ಹೊರಗೆ ಹಾಕಿ ನೋಡಿದೆ. ದೂರದ ಹೊಲದ ಬದುವಿನ ಮೇಲೆ ಒಬ್ಬ ಹೆಂಗಸು ವೀಳ್ಯದೆಲೆಯ ಕುಕ್ಕೆ ಹೊತ್ತು ಓಡಿಬರುತ್ತಿದ್ದಳು. ಮೂರು ನಿಮಿಷ. ಗಡಿಯಾರ ನೋಡಿಕೊಂಡೇ ಇದ್ದೆ.

ಆಗ ನಮ್ಮಲ್ಲಿ ಒಂದೇ ಹಳಿ. ಒಂದೇ ಹಳಿಯ ದಾರಿಯಲ್ಲಿ ಮೂರು ನಿಮಿಷ ತಡವಾದರೆ ಅದು ಮೂರು ನಿಮಿಷವಾಗಿ ಉಳಿಯುವುದಿಲ್ಲ. ಎದುರಿನ ಗಾಡಿಗೆ ಮೊದಲು ದಾರಿ ಕೊಟ್ಟುಬಿಡುತ್ತಾರೆ. ಮುಂದಿನ ಸ್ಟೇಷನ್ನಿನಲ್ಲಿ ನಮ್ಮನ್ನು ಪಕ್ಕದ ಹಳಿಗೆ ಸರಿಸಿ ನಿಲ್ಲಿಸಿದರು. ಎಕ್ಸ್‌ಪ್ರೆಸ್ಸು ಧೂಳೆಬ್ಬಿಸಿಕೊಂಡು ಹೋಗುವವರೆಗೆ ಇಪ್ಪತ್ತೈದು ನಿಮಿಷ. ಮಗಳು ಒಂದೂ ಮಾತಾಡದೆ ಹಾಲ್ ಟಿಕೆಟ್ಟನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ಎಲೆಯವಳು ನಮ್ಮ ಎದುರೇ ಕುಕ್ಕೆ ಇಟ್ಟುಕೊಂಡು ಏದುಸಿರು ಬಿಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ನಿಮ್ಮೊಬ್ಬರಿಗೋಸ್ಕರ ಇಷ್ಟು ಜನ ಕಾಯಬೇಕೇನಮ್ಮ?" ಎಂದುಬಿಟ್ಟೆ.

"ಇದು ತಪ್ಪಿದ್ರೆ ಸಂಜೆ ಗಾಡೀನೇ ಗತಿ ಕಣಕ್ಕ, ಎಲೆ ಬಾಡ್ತಾವೆ" ಎಂದಳು. ಆಮೇಲೆ ಕುಕ್ಕೆಯನ್ನು ಇನ್ನಷ್ಟು ತನ್ನ ಕಡೆಗೆ ಎಳೆದುಕೊಂಡಳು.

ಮಗಳು ಹತ್ತು ನಿಮಿಷ ತಡವಾಗಿ ಪರೀಕ್ಷೆಗೆ ಕೂತಳು. ಒಳಗೆ ಬಿಟ್ಟರು, ಆದರೆ ಕೈ ನಡುಗುತ್ತಿತ್ತಂತೆ. ಆ ಸಲ ಅವಳಿಗೆ ಸೀಟು ಸಿಗಲಿಲ್ಲ. ಹತ್ತು ನಿಮಿಷವೇ ಕಾರಣವೋ ಅಲ್ಲವೋ, ಯಾರು ಹೇಳಬೇಕು? ನಾನಂತೂ ಎಲೆಯವಳೇ ಕಾರಣವೆಂದು ತವರಿಗೆ ಫೋನು ಮಾಡಿದಾಗೆಲ್ಲ ಹೇಳುತ್ತಿದ್ದೆ. ಅಮ್ಮ ಒಂದೆರಡು ಸಲ ಸುಮ್ಮನೆ ಕೇಳಿಸಿಕೊಂಡಳು. ಆಮೇಲೊಂದು ದಿನ ಅಂದಳು: "ಅವತ್ತು ನಮಗೋಸ್ಕರ ಆ ಪುಣ್ಯಾತ್ಮ ಗಾಡಿ ನಿಲ್ಲಿಸಿದಾಗ ಒಳಗಿದ್ದೋರಿಗೆ ಏನೇನು ತಪ್ಪಿಹೋಯ್ತೋ! ಇಷ್ಟು ವರ್ಷ ಅವನನ್ನ ನೆನೆಸಿಕೊಂಡೆ, ಅವರನ್ನ ಒಂದು ದಿನಾನೂ ನೆನೆಸಿಕೊಳ್ಳಲಿಲ್ಲ ನೋಡೆ."

ಅಮ್ಮ ನನ್ನನ್ನು ಬೈಯಲಿಲ್ಲ, ಎಲೆಯವಳ ಪರ ವಹಿಸಲೂ ಇಲ್ಲ. ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಫೋನು ಇಟ್ಟ ಮೇಲೆ ಆ ದಿನದ ಲೆಕ್ಕ ಮತ್ತೆ ಹಾಕತೊಡಗಿದೆ. ಅವಳಿಗಾಗಿ ಕಾದದ್ದು ಮೂರು ನಿಮಿಷ, ಎಕ್ಸ್‌ಪ್ರೆಸ್ಸಿಗಾಗಿ ಕಾದದ್ದು ಇಪ್ಪತ್ತೈದು. ಎಕ್ಸ್‌ಪ್ರೆಸ್ಸು ಹೋದಾಗ ಡಬ್ಬಿಯಲ್ಲಿ ಒಬ್ಬರೂ ಗೊಣಗಲಿಲ್ಲ; ಅದು ಮಳೆಬಿಸಿಲಿನ ಹಾಗೆ, ಕಾಯಲೇಬೇಕಾದದ್ದು. ಗೊಣಗಿದ್ದು ಓಡಿಬಂದವಳ ಮೇಲೆ. ಮನೆಯಲ್ಲೂ ನಾವು ಮಾಡುವುದು ಇದನ್ನೇ ಅಲ್ಲವೇ? ಯಜಮಾನರು ಮೀಟಿಂಗೆಂದು ರಾತ್ರಿ ಒಂದು ಗಂಟೆ ತಡವಾಗಿ ಬಂದರೆ ಸಾರು ಬಿಸಿ ಮಾಡಿ ಬಡಿಸುತ್ತೇವೆ. ಪಾತ್ರೆ ತೊಳೆಯುವವಳು ಹತ್ತು ನಿಮಿಷ ತಡಮಾಡಿದರೆ ಬಾಗಿಲಲ್ಲೇ ವಿಚಾರಣೆ. ಹಾಗೆಂದು ಮಗಳ ಕೈ ನಡುಗಿದ್ದು ಸುಳ್ಳಲ್ಲ. ಎಲೆ ಬಾಡುವುದನ್ನೂ ಸೀಟು ತಪ್ಪುವುದನ್ನೂ ಯಾವ ತಕ್ಕಡಿಯಲ್ಲಿ ತೂಗಲಿ? ಗಾರ್ಡಿಗಾದರೂ ತೂಗಲು ಎಲ್ಲಿ ಸಮಯವಿತ್ತು? ಅವರಿಗೆ ಕಂಡದ್ದು ಓಡಿಬರುತ್ತಿದ್ದವಳು ಮಾತ್ರ. ಒಳಗೆ ಕೂತಿದ್ದ ನನ್ನ ಮಗಳಲ್ಲ.

ಈಗ ನಮ್ಮ ದಾರಿಗೆ ಜೋಡಿ ಹಳಿ, ಮೇಲೆ ಕರೆಂಟಿನ ತಂತಿ. ಹೊಗೆ ಹೋಯಿತು, ಒಳ್ಳೆಯದೇ ಆಯಿತು. 2020ರ ಮಾರ್ಚಿನಲ್ಲಿ ಕೋವಿಡ್ಡಿಗೆ ನಿಂತ ಪ್ಯಾಸೆಂಜರುಗಳು ಮತ್ತೆ ಬಂದಾಗ ಹೆಸರು ಎಕ್ಸ್‌ಪ್ರೆಸ್ ಸ್ಪೆಷಲ್ ಎಂದಾಗಿ, ಹತ್ತು ರೂಪಾಯಿಯ ಕನಿಷ್ಠ ಟಿಕೆಟ್ಟು ಮೂವತ್ತಾಗಿತ್ತು. ನಿಲ್ಲುವುದು ಅವೇ ಸ್ಟೇಷನ್ನುಗಳಲ್ಲಿ, ದುಡ್ಡು ಮಾತ್ರ ಎಕ್ಸ್‌ಪ್ರೆಸ್ಸಿನದು. 2024ರ ಫೆಬ್ರವರಿಯಲ್ಲಿ ಮತ್ತೆ ಹತ್ತಕ್ಕೆ ಇಳಿಸಿದರು. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾಯಿತು. ಅದರ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಓಡಿಬಂದು ಹತ್ತುವ ಮಾತೇ ಇಲ್ಲ. ಮಗಳು ಅದರಲ್ಲಿ ಓಡಾಡುತ್ತಾಳೆ. ಹೊತ್ತಿಗೆ ಸರಿಯಾಗಿ ತಲುಪುತ್ತಾಳೆಂದು ನನಗೂ ನೆಮ್ಮದಿ. ಗಾರ್ಡಿಗೂ 2022ರಿಂದ ಟ್ರೈನ್ ಮ್ಯಾನೇಜರ್ ಎಂಬ ಹೊಸ ಹೆಸರು.

ಮೊನ್ನೆ ಬಾಗೂರಿಗೆ ಹೋಗಿ ಹಿಂದಿರುಗುವಾಗ ಹೊಸದುರ್ಗ ರೋಡಿನಲ್ಲಿ ಪ್ಯಾಸೆಂಜರ್ ಹತ್ತಿ ಕೂತಿದ್ದೆ. ಹೊರಡುವ ಹೊತ್ತಾಗಿತ್ತು. ಬಸ್ಸಿಳಿದ ಒಂದು ಸಂಸಾರ ಚೀಲ, ಮಗು, ಮುದುಕಿ ಸಮೇತ ಓಡಿಬರುತ್ತಿತ್ತು. ಗಾಡಿ ಹೊರಡಲಿಲ್ಲ. ನಾನು ಕೈಗಡಿಯಾರ ನೋಡಿಕೊಳ್ಳಬಾರದೆಂದು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಮುದುಕಿ ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ನೋಡಿಕೊಂಡೆ.