ಅಡಕೆಗೆ ಹೋದ ಮಾನ

ನಮ್ಮ ಸಂಗ್ರಹದ ಕುರಿತು ನಾಲ್ಕು ಪುಟ ಬರೆದುಕೊಡಬೇಕೆಂದು ಸ್ಮರಣ ಸಂಚಿಕೆಯ ಸಂಪಾದಕರು ಕೇಳಿದಾಗ ನಾವು ಮೂವರೂ ಒಡನೆಯೇ ಒಪ್ಪಿಕೊಂಡೆವು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಹಳೆಯ ಕಿರುಗತ್ತಿಗಳನ್ನು ಕೂಡಿಹಾಕುತ್ತ ಬಂದ ನಾವು, ಯಾರಾದರೂ ಕೇಳಲಿ ಎಂದೇ ಕಾದಿದ್ದೆವು. ಬರೆಯಲು ಕುಳಿತಾಗ ಮಾತ್ರ ಸಂಗ್ರಹದ ಹಿರಿಮೆ ಹಿಂದೆ ಸರಿದು, ಅದರೊಳಗಿನ ಒಂದೇ ಒಂದು ವಸ್ತುವಿನ ವಿಷಯವಾಗಿ ಹನ್ನೆರಡು ವರ್ಷ ನಮ್ಮ ನಡುವೆ ನಡೆದ ಜಗಳ ಮುಂದೆ ಬಂದು ನಿಂತಿತು. ಅದನ್ನೇ ಬರೆಯುತ್ತಿದ್ದೇವೆ.

ನಮ್ಮಲ್ಲಿ ಒಬ್ಬರು ನಿವೃತ್ತ ಉಪಾಧ್ಯಾಯರು, ಒಬ್ಬರು ಹೊಸೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದವರು, ಒಬ್ಬರು ಬಟ್ಟೆ ವ್ಯಾಪಾರಿಗಳು. ಮೂವರ ಮನೆಯಲ್ಲೂ ಒಂದೇ ದೂರು: ಕತ್ತಿಗಳ ಪೆಟ್ಟಿಗೆ ಇರುವ ಮನೆಯಲ್ಲಿ ಈರುಳ್ಳಿ ಹೆಚ್ಚಲು ಒಂದು ನೆಟ್ಟಗಿನ ಚಾಕು ಇಲ್ಲ. ಪೆಟ್ಟಿಗೆಯನ್ನು ನೋಡಲು ಬಂದವರು ಇದಕ್ಕೆಲ್ಲ ಲೈಸೆನ್ಸ್ ಬೇಡವೇ ಎಂದು ಕೇಳುವುದೂ ಉಂಟು. ಆಯುಧಗಳ ನಿಯಮದಲ್ಲಿ ಹೇಳಿರುವುದು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಗಳ ಮಾತು. ನಮ್ಮವು ಬಹುತೇಕ ಅಂಗೈಯಲ್ಲಿ ಅಡಗುವಂಥವು.

ಅವುಗಳಲ್ಲಿ ಗರಿಯ ಲೇಖನಿಯ ಮೊನೆ ಕೆತ್ತಲೆಂದು ಹುಟ್ಟಿ, ಲೇಖನಿ ಹೋದ ಮೇಲೂ ಜೇಬಿನಲ್ಲಿ ಉಳಿದುಕೊಂಡ ಷೆಫೀಲ್ಡ್ ಮುದ್ರೆಯ ಮಡಿಸುವ ಚಾಕುಗಳಿವೆ. ಒಂದು ತುದಿಯಲ್ಲಿ ಓಲೆಯ ಮೇಲೆ ಅಕ್ಷರ ಕೊರೆಯುವ ಮೊನೆ, ಇನ್ನೊಂದು ತುದಿಯಲ್ಲಿ ಓಲೆಯ ಅಂಚು ಸವರುವ ಅಲಗು ಉಳ್ಳ ಕಂಠಗಳಿವೆ. ಇವನ್ನು ತಮಿಳರು ಎಳುತ್ತಾಣಿ ಎನ್ನುತ್ತಾರೆ. ಕೊಡಗಿನ ಪೀಚೆಕತ್ತಿ ನಮ್ಮಲ್ಲಿ ಇಲ್ಲ. ಕೇಳಿದ್ದೇವೆ, ಯಾರೂ ಕೊಡಲಿಲ್ಲ. ಕುಪ್ಪಸ ತೊಟ್ಟು, ಚೇಲೆ ಬಿಗಿದು, ಅದರ ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುವ ಆ ಬೆಳ್ಳಿಯ ಒರೆಯ ಕತ್ತಿಗೆ ಈಗಲೂ ಮದುವೆಯಲ್ಲಿ ಕೆಲಸವಿದೆ. ಕೆಲಸವಿರುವ ವಸ್ತು ಸಂತೆಗೆ ಬರುವುದಿಲ್ಲ. ನಮ್ಮ ಪೆಟ್ಟಿಗೆಗೆ ಬಂದವೆಲ್ಲ ಕೆಲಸ ಕಳೆದುಕೊಂಡವು.

ಹಾಗೆ ಕೆಲಸ ಕಳೆದುಕೊಂಡವುಗಳಲ್ಲಿ ಅಡಕತ್ತರಿಗಳದೇ ಬಹುಪಾಲು. ತಮಿಳಿನಲ್ಲಿ ಪಾಕ್ಕುವೆಟ್ಟಿ, ತೆಲುಗಿನಲ್ಲಿ ಅಡಕತ್ತೆರ. ಮೂರು ಭಾಷೆಯ ನಮ್ಮ ಹೊಸೂರಿನಲ್ಲಿ ಮೂರೂ ಹೆಸರು ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದವು. ಎರಡು ಹಿತ್ತಾಳೆಯ ತೋಳು, ಮೇಲಿನ ತೋಳಿಗೆ ಉಕ್ಕಿನ ಅಲಗು, ಕೆಳಗಿನದರಲ್ಲಿ ಅಡಕೆ ಕೂರಲು ತಾವು. ಇಷ್ಟೇ ಇದರ ಯಂತ್ರ. ಆದರೆ ಕಮ್ಮಾರ ಇಷ್ಟಕ್ಕೇ ನಿಲ್ಲಲಿಲ್ಲ. ಗಿಳಿ, ನವಿಲು, ಕುದುರೆ, ಕೈಜೋಡಿಸಿದ ದಂಪತಿ, ಏನೆಲ್ಲವನ್ನೂ ಅದರಲ್ಲಿ ಮಾಡಿದ. ಪ್ರಯಾಣದಲ್ಲಿ ಸಂಚಿಯೊಳಗೆ ಹಾಕಿಕೊಳ್ಳಲೆಂದು ಮೂರು ಅಂಗುಲದವನ್ನೂ ಮಾಡಿದ. ಎಲೆಯಡಕೆಯ ಸಂಚಿ ಒಂದು ಕಾಲಕ್ಕೆ ಎಷ್ಟು ದೊಡ್ಡ ಸಂಗತಿಯಾಗಿತ್ತೆಂದರೆ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಅದನ್ನು ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದು ಕವಯಿತ್ರಿಯಾದ ಮೇಲೂ ಸಂಚಿ ಹೊನ್ನಮ್ಮನೆಂದೇ ಉಳಿದಳು.

ಇದರ ಮೋಹ ನಮಗೆ ಮಾತ್ರ ಹತ್ತಿದ್ದಲ್ಲ. ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಗಣಿತಜ್ಞ ಸ್ಯಾಮುಯೆಲ್ ಐಲೆನ್‌ಬರ್ಗ್ ಕೂಡಿಸಿದ ಅಡಕತ್ತರಿಗಳ ಮೇಲೆ 1992ರಲ್ಲಿ ಒಂದು ಪುಸ್ತಕವೇ ಬಂದಿದೆ. ಪುಣೆಯಲ್ಲಿ ದಿನಕರ ಕೇಳ್ಕರ್ ಅವರು ಎಳವೆಯಲ್ಲೇ ತೀರಿಕೊಂಡ ಮಗ ರಾಜಾನ ನೆನಪಿಗೆ ಕಟ್ಟಿದ ಸಂಗ್ರಹಾಲಯದಲ್ಲಿಯೂ ಇವಕ್ಕೆ ಸ್ಥಾನವಿದೆ. ಅಂಥ ಹಿರಿಯರ ಸಾಲಿನಲ್ಲಿ ನಮ್ಮನ್ನು ಸೇರಿಸಿಕೊಂಡು ನಾವು ಬೀಗಿದ್ದೂ ಉಂಟು.

ಇನ್ನು ನಡೆದ ಸಂಗತಿ. ಬೆಂಗಳೂರು ಇತ್ತ ಬೆಳೆದು ಬಂದಂತೆ, ಹೊಸೂರಿನ ಸುತ್ತ ಸಿಪ್ಕಾಟ್ ಕೈಗಾರಿಕಾ ವಸಾಹತು ಹಿಗ್ಗಿದಂತೆ, ಹಳ್ಳಿಗಳ ತೊಟ್ಟಿಮನೆಗಳು ಉರುಳತೊಡಗಿದವು. ಮನೆ ಉರುಳುವ ಮೊದಲು ಅಟ್ಟ ಬರಿದಾಗುತ್ತದೆ. ಅಟ್ಟದ್ದು ಅಂಗಳಕ್ಕೆ ಬಂದು, ಅಲ್ಲಿಂದ ಗುಜರಿಗೆ ಹೋಗುತ್ತದೆ. ನಮ್ಮ ಭಾನುವಾರಗಳು ಇಂಥ ಅಂಗಳಗಳಲ್ಲಿ ಕಳೆದಿವೆ. ಹನ್ನೆರಡು ವರ್ಷದ ಕೆಳಗೆ ಡೆಂಕಣಿಕೋಟೆಯ ಆಚೆಯ ಒಂದು ಹಳ್ಳಿಯಲ್ಲಿ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಅಂಗಳದಲ್ಲಿ ಪಾತ್ರೆಗಳ ರಾಶಿಯ ಮುಂದೆ ಕುಳಿತಿದ್ದರು. ರಾಶಿಯ ಮೇಲೆ ಮೂರೂವರೆ ಅಂಗುಲದ ಒಂದು ಗಿಳಿಯ ಅಡಕತ್ತರಿ. ಗಿಳಿಯ ಕಣ್ಣಿಗೆ ಕೆಂಪು ಕಲ್ಲು. ಒಂದು ಕಣ್ಣಿನದು ಬಿದ್ದುಹೋಗಿತ್ತು. ಅಷ್ಟು ಚೆಲುವಾದದ್ದನ್ನು ನಾವು ಆವರೆಗೆ ಕಂಡಿರಲಿಲ್ಲ.

ಕಂಡರೂ ಕಾಣದಂತೆ ನಿಂತೆವು. ರಾಶಿಯಲ್ಲಿ ಕೈಯಾಡಿಸಿ, ತಳ ತೂತಾದ ಒಂದು ಚೊಂಬನ್ನು ಎತ್ತಿ ಅದರ ಬೆಲೆ ಕೇಳಿದೆವು. ಚೌಕಾಸಿ ಮಾಡಿದೆವು. ಕೊನೆಗೆ, ‘ಇದನ್ನೂ ಸೇರಿಸಿ ಕೊಡಿ’ ಎಂದು ಅಡಕತ್ತರಿಯನ್ನು ಚೊಂಬಿನೊಳಕ್ಕೆ ಹಾಕಿಕೊಂಡೆವು. ಎರಡಕ್ಕೂ ಸೇರಿ ಇನ್ನೂರು ರೂಪಾಯಿ. ಗುಜರಿಯವನು ಕೊಡುವುದಕ್ಕಿಂತ ಹೆಚ್ಚೇ. ಅಜ್ಜಿ ಸಂತೋಷಪಟ್ಟು ಕಾಫಿ ಕೊಟ್ಟರು, ಕುಡಿದೆವು. ಮುಂದಿನ ತಿಂಗಳು ಬೆಂಗಳೂರಿನ ವ್ಯಾಪಾರಿಯೊಬ್ಬ ಅದನ್ನು ಕಂಡು ಆರು ಸಾವಿರಕ್ಕೆ ಕೇಳಿದ. ನಾವು ಮಾರಲಿಲ್ಲ. ಮಾರಲಿಲ್ಲವೆಂಬುದನ್ನೇ ಬಹುಕಾಲ ನಮ್ಮ ಪರವಾದ ಸಾಕ್ಷಿಯಾಗಿ ಇಟ್ಟುಕೊಂಡಿದ್ದೆವು.

ಜಗಳ ಆರಂಭವಾದದ್ದು ಆ ದಿನವೇ, ಹಿಂದಿರುಗುವ ಬಸ್ಸಿನಲ್ಲಿ. ಇದು ಮೋಸವಲ್ಲವೇ ಎಂದರು ಉಪಾಧ್ಯಾಯರು. ವ್ಯಾಪಾರಿ ಮಿತ್ರರ ಉತ್ತರ ಸಿದ್ಧವಾಗಿತ್ತು. ‘ಗಿರಾಕಿ ನೂರರ ನೋಟೆಂದು ಐನೂರರದನ್ನು ಕೊಟ್ಟರೆ ನಾನು ಓಡಿಹೋಗಿ ಹಿಂದಕ್ಕೆ ಕೊಡುತ್ತೇನೆ. ಎಣಿಕೆಯ ತಪ್ಪು ಬೇರೆ, ಬೆಲೆಯ ತಪ್ಪು ಬೇರೆ. ಬೆಲೆ ಬಲ್ಲವನು ಅದನ್ನು ಕಲಿಯಲು ವರ್ಷಗಟ್ಟಲೆ ದುಡಿದಿದ್ದಾನೆ. ಆ ದುಡಿಮೆಗೆ ಕೂಲಿ ಬೇಡವೇ?’ ಕಾನೂನೂ ಅವರ ಕಡೆಗೇ ಇದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನ ವಿವರಣೆಯಂತೆ, ಮಾತಾಡಬೇಕಾದ ಹೊಣೆ ಇಲ್ಲದವನ ಬರಿಯ ಮೌನ ವಂಚನೆಯಾಗದು.

ಪ್ರಶ್ನೆ ಹಳೆಯದೇ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಮಗನಿಗೆಂದು ಕರ್ತವ್ಯಗಳ ಮೇಲೆ ಬರೆದ ಗ್ರಂಥದ ಮೂರನೆಯ ಭಾಗದಲ್ಲಿ, ಬರಗಾಲದ ರೋಡ್ಸ್ ದ್ವೀಪಕ್ಕೆ ಧಾನ್ಯ ತಂದ ವರ್ತಕನ ಸಮಸ್ಯೆಯಿದೆ. ಹಿಂದೆಯೇ ಇನ್ನೂ ಹಡಗುಗಳು ಬರುತ್ತಿವೆಯೆಂದು ಅವನೊಬ್ಬನಿಗೇ ಗೊತ್ತು. ಹೇಳಬೇಕೆ, ಬೇಡವೇ? ಬೇಡವೆಂದ ಡಯೋಜಿನಿಸ್, ಹೇಳಲೇಬೇಕೆಂದ ಅವನ ಶಿಷ್ಯ ಆಂಟಿಪೇಟರ್. ಗುರುಶಿಷ್ಯರೇ ಒಪ್ಪದಿದ್ದ ವಿಷಯವನ್ನು ನಾವು ಬಸ್ಸಿನಲ್ಲಿ ತೀರ್ಮಾನಿಸುವುದೆಲ್ಲಿ ಬಂತು! ಅದೇ ಗ್ರಂಥದ ಕೊನೆಯ ಕಡೆ ನಮ್ಮ ಹೆಸರೆತ್ತಿಯೇ ಕೇಳಿದಂತಹ ಇನ್ನೊಂದು ಪ್ರಶ್ನೆ ಇದೆ. ಹಿತ್ತಾಳೆಯೆಂದು ಭಾವಿಸಿ ಒಬ್ಬನು ಚಿನ್ನವನ್ನು ಮಾರುತ್ತಿದ್ದರೆ, ಸಜ್ಜನನಾದವನು ಅದು ಚಿನ್ನವೆಂದು ತಿಳಿಸಬೇಕೆ, ಇಲ್ಲ ಸಾವಿರ ದೆನಾರಿಯಸ್ ಬಾಳುವುದನ್ನು ಒಂದಕ್ಕೆ ಕೊಂಡುಕೊಳ್ಳಬೇಕೆ? ಸ್ಕೇವೊಲಾ ಎಂಬಾತ ಜಮೀನು ಕೊಳ್ಳುವಾಗ, ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ತಾನಾಗಿಯೇ ಒಂದು ಲಕ್ಷ ಸೆಸ್ಟರ್ಸ್ ಹೆಚ್ಚು ಕೊಟ್ಟನಂತೆ. ಒಳ್ಳೆಯವನೇ ಸರಿ, ಜಾಣನಲ್ಲ ಎಂದು ಆಗಲೂ ಜನ ಆಡಿಕೊಂಡರೆಂದು ಸಿಸೆರೊ ಬರೆಯುತ್ತಾನೆ.

ನಮ್ಮವರನ್ನು ನೆನೆದರೆ, ಮಹಾಭಾರತದ ಶಾಂತಿಪರ್ವದಲ್ಲಿ ಜಟೆಯಲ್ಲಿ ಹಕ್ಕಿ ಗೂಡು ಕಟ್ಟುವಷ್ಟು ಅಲುಗದೆ ತಪಸ್ಸು ಮಾಡಿದ ಜಾಜಲಿ, ಧರ್ಮ ಕಲಿಯಲು ಹೋದದ್ದು ಕಾಶಿಯ ವ್ಯಾಪಾರಿ ತುಲಾಧಾರನ ಬಳಿಗೆ. ಅವನ ಹಿರಿಮೆಯೆಲ್ಲ ಎಲ್ಲರಿಗೂ ಒಂದೇ ತಕ್ಕಡಿ ಹಿಡಿದದ್ದರಲ್ಲಿತ್ತು. ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಮುಟ್ಟಿ ಎತ್ತೆನೆಂದು ಆಣೆಯಿಟ್ಟ ಶರಣೆ ಸತ್ಯಕ್ಕನನ್ನು ಉಪಾಧ್ಯಾಯರು ನೆನಪಿಸಿದಾಗ ವ್ಯಾಪಾರಿ ಮಿತ್ರರು ರೇಗಿದರು. ‘ನಾವು ಬಿದ್ದದ್ದನ್ನು ಎತ್ತಲಿಲ್ಲ, ದುಡ್ಡು ಕೊಟ್ಟು ಕೊಂಡಿದ್ದೇವೆ.’

ಟೂಲ್ ರೂಮಿನ ಮಿತ್ರರದು ಬೇರೆಯೇ ವಾದ. ನಾವು ಕೊಳ್ಳದಿದ್ದರೆ ಆ ಗಿಳಿ ಸಂಜೆಯೊಳಗೆ ತಕ್ಕಡಿಗೆ ಏರಿ, ವಾರದೊಳಗೆ ಕುಲುಮೆಯಲ್ಲಿ ಕರಗಿ ನಲ್ಲಿಯಾಗುತ್ತಿತ್ತು. ಉಳಿಸಿದವರ ಮೇಲೆ ದೂರೇಕೆ? ಈ ವಾದವನ್ನು ತಳ್ಳಿಹಾಕಲು ನಮ್ಮಿಂದ ಇಂದಿಗೂ ಆಗಿಲ್ಲ. ಆ ಕಮ್ಮಾರನ ಕೈಕೆಲಸ ಉಳಿದದ್ದು ನಮ್ಮಿಂದಲೇ. ಆದರೆ ಉಳಿಸಬೇಕಾಗಿತ್ತು ಎಂಬುದು ಕೊಂಡದ್ದಕ್ಕೆ ಸಮರ್ಥನೆಯಾದೀತೇ ಹೊರತು ಇನ್ನೂರು ರೂಪಾಯಿಗೆ ಕೊಂಡದ್ದಕ್ಕೆ ಆಗದು. ‘ಅಜ್ಜಿ, ಇದು ಬೆಲೆಯುಳ್ಳದ್ದು, ಕರಗಿಸಲು ಕೊಡಬೇಡಿ’ ಎಂದಿದ್ದರೂ ಗಿಳಿ ಉಳಿಯುತ್ತಿತ್ತು. ನಮ್ಮ ಕೈಯಲ್ಲಿ ಉಳಿಯುತ್ತಿರಲಿಲ್ಲ, ಅಷ್ಟೆ.

ವರ್ಷಗಳು ಕಳೆದಂತೆ ಜಗಳದ ಬಿಸಿ ಆರಿತು. ಚೊಂಬು ಮಾತ್ರ ಆರಲು ಬಿಡಲಿಲ್ಲ. ಬೆಲೆ ಹೇಳದೆ ಇದ್ದುದಕ್ಕೆ ಮೂವರಲ್ಲಿ ಮೂರು ಸಮಾಧಾನಗಳಿದ್ದವು. ತೂತಾದ ಚೊಂಬನ್ನು ಏಕೆ ಕೊಂಡೆವು ಎಂಬುದಕ್ಕೆ ಒಂದೂ ಇರಲಿಲ್ಲ. ಅದು ಮೌನವಲ್ಲ, ಆಟ. ಕಾಯಿದೆ ಕ್ಷಮಿಸುವುದು ಮೌನವನ್ನು. ಕಣ್ಣಿಗೆ ಬಿದ್ದದ್ದು ಒಂದು, ಕೈಯಲ್ಲಿ ಹಿಡಿದದ್ದು ಇನ್ನೊಂದು. ಅಜ್ಜಿ ನಮ್ಮ ಕಣ್ಣನ್ನು ಓದಬಾರದೆಂದೇ ಆ ಚೊಂಬು. ಹಾಗೆ ಮರೆಮಾಡುವಾಗಲೇ, ಹೇಳಬೇಕಾದದ್ದು ಏನೋ ಇದೆಯೆಂದು ನಮಗೆ ಗೊತ್ತಿತ್ತಲ್ಲವೇ? ಈ ಮಾತನ್ನು ಮೊದಲು ಒಪ್ಪಿದವರು ವ್ಯಾಪಾರಿ ಮಿತ್ರರೇ ಎಂಬುದನ್ನು ಇಲ್ಲಿ ದಾಖಲಿಸಬೇಕು. ‘ಅಂಗಡಿಯಲ್ಲಿ ನನ್ನ ಹುಡುಗ ಹೀಗೆ ಮಾಡಿದ್ದರೆ ಬಿಡಿಸಿ ಕಳಿಸುತ್ತಿದ್ದೆ’ ಎಂದರು.

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯನ್ನು ನಮ್ಮ ಹಿರಿಯರು ಅಡಕತ್ತರಿ ಹಿಡಿದುಕೊಂಡೇ ಹೇಳುತ್ತಿದ್ದರು. ಆದರೂ ಹೋಗಿ ನೋಡೋಣವೆಂದು ಕಳೆದ ಸುಗ್ಗಿಯ ಹೊತ್ತಿಗೆ ಮೂವರೂ ಹೊರಟೆವು. ಆರು ಸಾವಿರ ರೂಪಾಯಿ ಒಂದು ಲಕೋಟೆಯಲ್ಲಿ, ಗಿಳಿ ಒಂದು ಬಟ್ಟೆಯಲ್ಲಿ. ಅಜ್ಜಿ ಇರುವರೋ ಇಲ್ಲವೋ ಎಂಬ ಅಳುಕಿತ್ತು. ಇದ್ದರು. ತೊಟ್ಟಿಮನೆಯ ಜಾಗದಲ್ಲಿ ಎದ್ದ ತಾರಸಿ ಮನೆಯ ಜಗುಲಿಯಲ್ಲಿ ಕುಳಿತಿದ್ದರು. ಗುರುತು ಹೇಳಿದೆವು. ಅವರು ಕೇಳಿದ ಮೊದಲ ಮಾತು ಇದು: ‘ಆ ತೂತು ಚೊಂಬು ಏನ್ ಮಾಡಿದ್ರಪ್ಪ? ಅದನ್ಯಾಕೆ ತಗೊಂಡ್ರೋ ಅಂತ ನಾನು ಅವತ್ತೇ ಅಂದ್ಕೊಂಡೆ.’

ಲಕೋಟೆಯನ್ನು ಮುಂದೆ ಇಟ್ಟೆವು. ಅವರು ಅದನ್ನು ನೋಡಲೂ ಇಲ್ಲ. ಗಿಳಿಯನ್ನು ಎತ್ತಿಕೊಂಡು, ಮಡಿಲ ಚೀಲದಿಂದ ಒಂದು ಅಡಕೆ ತೆಗೆದು ಅಲಗಿಗಿಟ್ಟು ಅದುಮಿದರು. ಅಡಕೆ ಜಾರಿತು. ಇನ್ನೊಮ್ಮೆ ಅದುಮಿದರು, ಆಗಲೂ ಜಾರಿತು. ‘ಅಯ್ಯೋ, ಮೊಂಡು ಮಾಡಿಟ್ಟಿದೀರಲ್ಲಪ್ಪ! ಇಷ್ಟು ವರ್ಷ ಇಟ್ಕೊಂಡು ಒಂದು ಸಾಣೆ ಹಿಡಿಸಲಿಲ್ವಾ?’ ಹಳೆಯ ಅಲಗಿಗೆ ಸಾಣೆ ಹಿಡಿಸಿದರೆ ಅದರ ಹಳಮೆ ಕೆಡುತ್ತದೆಂಬುದು ಸಂಗ್ರಹಕಾರರ ಮೊದಲ ಪಾಠ. ಅದನ್ನು ಅಲ್ಲಿ ಹೇಳಲು ಮೂವರಿಗೂ ಬಾಯಿ ಬರಲಿಲ್ಲ. ಅದು ಅವರ ಅತ್ತೆಯದಂತೆ. ಗಿಳಿಯ ಕಣ್ಣಿನ ಕಲ್ಲು ಬಿದ್ದದ್ದು ಅವರ ಹಿರಿಯ ಮಗ ಕೂಸಾಗಿದ್ದಾಗ ಅದನ್ನು ಜಗುಲಿಯ ಕಲ್ಲಿಗೆ ಬಡಿದು ಆಡಿದ್ದರಿಂದ. ಆ ಮಗ ಈಗಿಲ್ಲ. ನಮ್ಮ ಪೆಟ್ಟಿಗೆಯ ಚೀಟಿಯಲ್ಲಿ ನಾವು ಬರೆದಿದ್ದು ‘ಗಿಳಿ ಅಡಕತ್ತರಿ, ಹಿತ್ತಾಳೆ ಮತ್ತು ಉಕ್ಕು, ಹೊಸೂರು ಸೀಮೆ, ಒಂದು ಕಣ್ಣು ಊನ’ ಎಂದು.

ದುಡ್ಡು ಬೇಡವೆಂದರು. ಕೊಟ್ಟ ಮಾತು ಕೊಟ್ಟದ್ದೇ, ಮಾರಿದ್ದು ಮಾರಿದ್ದೇ ಎಂದರು. ಸ್ವಲ್ಪ ಹೊತ್ತಿನ ಮೇಲೆ, ‘ನಾನಿರೋ ತನಕ ಇದು ಇಲ್ಲಿರಲಿ. ಆಮೇಲೆ ಬಂದು ತಗೊಂಡೋಗಿ, ನಿಮ್ದೇ’ ಎಂದರು. ಟೂಲ್ ರೂಮಿನ ಮಿತ್ರರು ಅದನ್ನು ಊರಿಗೆ ತಂದು, ತಮ್ಮ ಕೈಯಾರೆ ಸಾಣೆ ಹಿಡಿದು, ಮರುವಾರ ಹಿಂದಕ್ಕೆ ಕೊಟ್ಟು ಬರಲು ನಮ್ಮನ್ನೂ ಕರೆದೊಯ್ದರು. ಅಡಕೆ ಹೋಳಾಯಿತು. ಮೂವರಿಗೂ ಒಂದೊಂದು ಹೋಳು ಸಿಕ್ಕಿತು.

ಬೀಳ್ಕೊಡಲು ಮೊಮ್ಮಗ ರಸ್ತೆಯವರೆಗೂ ಬಂದ. ಕೈಗಾರಿಕಾ ವಸಾಹತಿನಲ್ಲಿ ಗುತ್ತಿಗೆ ಕೆಲಸದ ಹುಡುಗ. ಬಸ್ಸು ಕಾಣಿಸಿಕೊಂಡ ಹೊತ್ತಿಗೆ ಮೆಲ್ಲನೆ ಕೇಳಿದ: ‘ಸರ್, ಅದು ಏನು ಬೆಲೆ ಬಾಳುತ್ತೆ?’ ಅಜ್ಜಿಯ ಮಾತು ನಮ್ಮ ಕಿವಿಯಲ್ಲಿತ್ತು. ಅವನ ಮನೆಗೆ ಆರು ಸಾವಿರ ಎಂದರೇನೆಂಬುದೂ ಗೊತ್ತಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ವ್ಯಾಪಾರಿ ಮಿತ್ರರು ಬೆಲೆ ಹೇಳಿದರು. ಕೊಳ್ಳುವ ವ್ಯಾಪಾರಿಗಳು ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತಾರೆಂಬುದನ್ನೂ ಹೇಳಿದರು.

ಪೆಟ್ಟಿಗೆಯಲ್ಲಿ ಆ ತಾವು ಖಾಲಿಯಿದೆ. ಚೊಂಬನ್ನು ತೊಳೆದು ಅಲ್ಲಿಟ್ಟಿದ್ದೇವೆ.