ಬಾಲ ಸೈನಿಕರ ಸ್ಮರಣೆ

ಓದತಕ್ಕ ವೇದಭಾಗ: ಲೂಕನು 7ನೆಯ ಅಧ್ಯಾಯ, 11ರಿಂದ 17ನೆಯ ವಚನಗಳು



ಮೇಲೆ ಕಾಣಿಸಿದ ವೇದಭಾಗವನ್ನು ಮೊದಲು ಓದಿಕೊಳ್ಳಿರಿ. ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಿ ಕೇಳಿರಿ. ನಾಯಿನೆಂಬ ಊರಿನ ಬಾಗಲಲ್ಲಿ ಎರಡು ಗುಂಪುಗಳು ಒಂದನ್ನೊಂದು ಸಂಧಿಸಿದವು. ಒಂದು ಗುಂಪು ನಮ್ಮ ಕರ್ತನನ್ನು ಹಿಂಬಾಲಿಸಿ ಊರೊಳಕ್ಕೆ ಬರುತ್ತಿತ್ತು. ಇನ್ನೊಂದು ಒಬ್ಬ ಯೌವನಸ್ಥನ ಶವವನ್ನು ಹೊತ್ತುಕೊಂಡು ಹೊರಕ್ಕೆ ಹೋಗುತ್ತಿತ್ತು. ಮುದುಕರನ್ನು ಮಕ್ಕಳು ಹೊತ್ತುಕೊಂಡು ಹೋಗುವದು ಲೋಕದ ಕ್ರಮ. ಮಗನ ಚಟ್ಟದ ಹಿಂದೆ ತಾಯಿಯು ನಡೆಯುವದು ಕ್ರಮ ತಪ್ಪಿದ ಸಂಗತಿ. ಆ ಜನಸಂದಣಿಯಲ್ಲಿ ಕರ್ತನ ದೃಷ್ಟಿಯು ತಾಯಿಯ ಮೇಲೆ ಬಿತ್ತು. ಆತನು ಕನಿಕರಪಟ್ಟನು, ಚಟ್ಟವನ್ನು ಮುಟ್ಟಿದನು, ಹೊತ್ತವರು ನಿಂತರು.

ಆದರೆ ಇಂಥ ಚಟ್ಟಗಳು ನಿಲ್ಲದೆ ಸಾಗಿದ ಕಾಲವೊಂದಿತ್ತು. ಅದು 1914ರಿಂದ 1918ರ ವರೆಗೆ ನಡೆದ ಮಹಾಯುದ್ಧದ ಕಾಲ. 1918ನೆಯ ನವೆಂಬರ 11ರಂದು 11 ಗಂಟೆಗೆ ಫಿರಂಗಿಗಳು ಬಾಯಿ ಮುಚ್ಚಿದವು. ಆ ದಿನ ಬಂದಾಗ ಅನೇಕ ದೇಶಗಳಲ್ಲಿ ಜನರು ಕೆಲಸ ಬಿಟ್ಟು ಮೌನವಾಗಿ ನಿಂತು ಸತ್ತವರನ್ನು ನೆನಸುತ್ತಾರೆ. ಆ ಯುದ್ಧವು ನಮಗೆ ಹೊರಗಿನದಲ್ಲ. ಭಾರತದಿಂದ 10 ಲಕ್ಷಕ್ಕೆ ಮೇಲ್ಪಟ್ಟು ಜನರು ಕಡಲು ದಾಟಿ ಹೋದರು. ಮೈಸೂರಿನ ಕುದುರೆ ದಂಡು 1918ನೆಯ ಸಪ್ಟೆಂಬರ 23ರಂದು ಹೈಫಾ ಪಟ್ಟಣದಲ್ಲಿ ಕಾದಾಡಿತು. ಆ ಪಟ್ಟಣವು ನಮ್ಮ ಕರ್ತನು ನಡೆದಾಡಿದ ಗಲಿಲಾಯಕ್ಕೆ ಸಮೀಪವಾಗಿದೆ. ಫ್ರಾನ್ಸ್ ದೇಶದ ನವ್ ಶಪೆಲ್ ಎಂಬಲ್ಲಿ ಗೋರಿಯೇ ಇಲ್ಲದೆ ಹೋದ 4,700ಕ್ಕೆ ಹೆಚ್ಚು ಭಾರತೀಯರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ.

ಆ ಯುದ್ಧದಲ್ಲಿ ಸತ್ತವರೊಳಗೆ ಇನ್ನೂ ಮೀಸೆ ಮೂಡದ ಹುಡುಗರಿದ್ದರು. ಅವರ ವಿಷಯವಾಗಿಯೇ ಈ ತಿಂಗಳು ನಿಮ್ಮೊಡನೆ ಮಾತಾಡಬೇಕೆಂದಿದ್ದೇವೆ.

ಬ್ರಿಟಿಷ್ ಸೈನ್ಯದ ನಿಯಮದ ಪ್ರಕಾರ 18 ವರುಷ ತುಂಬಿದವರು ಮಾತ್ರ ದಂಡಿಗೆ ಸೇರಬಹುದಿತ್ತು. 19 ತುಂಬಿದ ಮೇಲೆಯೇ ಅವರನ್ನು ಪರದೇಶದ ರಣರಂಗಕ್ಕೆ ಕಳುಹಿಸಬಹುದಿತ್ತು. ಹೀಗಿದ್ದರೂ ವಯಸ್ಸು ತುಂಬದ ಸುಮಾರು ಎರಡೂವರೆ ಲಕ್ಷ ಹುಡುಗರು ಸೇರಿದರೆಂದು ಚರಿತ್ರೆ ಬಲ್ಲವರು ಲೆಕ್ಕ ಹಾಕಿದ್ದಾರೆ. ಸೇರುವಾಗ ಜನನಪತ್ರವನ್ನು ಕೇಳುವ ಪದ್ಧತಿ ಇರಲಿಲ್ಲ. ಹುಡುಗನು ಹೇಳಿದ ವಯಸ್ಸನ್ನು ಬರೆದುಕೊಂಡರು. ಕಣ್ಣಿಗೆ ಕಾಣುವದನ್ನು ಕಾಣದವರ ಹಾಗೆ ಬರೆದುಕೊಂಡರು.

ಆಸ್ಟ್ರೇಲಿಯದ ಜೇಮ್ಸ್ ಮಾರ್ಟಿನ್ ಎಂಬ ಬಾಲಕನು 1901ನೆಯ ಜನವರಿಯಲ್ಲಿ ಹುಟ್ಟಿದವನು. ತಂದೆಯು ಸೈನ್ಯಕ್ಕೆ ಸೇರಲು ಹೋಗಿ ತಿರಸ್ಕಾರ ಹೊಂದಿ ಬಂದಾಗ, ತಾನೇ ಹೋಗುವೆನೆಂದು ಮಗನು ಹಟ ಹಿಡಿದನು. ಒಪ್ಪದಿದ್ದರೆ ಬೇರೆ ಹೆಸರಿನಿಂದ ಸೇರುವೆನೆಂದೂ ಕಾಗದವನ್ನೇ ಬರೆಯೆನೆಂದೂ ಹೇಳಿದ್ದರಿಂದ ತಾಯಿಯು ಅಳುಕುತ್ತಲೇ ಒಪ್ಪಿದಳು. 1915ನೆಯ ಏಪ್ರಿಲದಲ್ಲಿ ಅವನು ಸೇರಿದಾಗ ಅವನಿಗೆ 14 ವರುಷ. ದಾರಿಯಲ್ಲಿ ಅವನಿದ್ದ ಹಡಗಿಗೆ ಶತ್ರುಗಳ ಏಟು ತಗಲಲು ನಾಲ್ಕು ತಾಸು ನೀರಿನಲ್ಲಿದ್ದು ಬದುಕಿದನು. ಗಲ್ಲಿಪೋಲಿಯ ಕಂದಕಗಳಲ್ಲಿದ್ದಾಗ ಮನೆಯಿಂದ ಒಂದು ಕಾಗದವೂ ತನಗೆ ಬಂದು ಮುಟ್ಟಲಿಲ್ಲವೆಂದು ಬರೆದನು. ವಿಷಮಜ್ವರ ಹಿಡಿದು ಆಸ್ಪತ್ರೆಯ ಹಡಗಿಗೆ ಒಯ್ಯಲ್ಪಟ್ಟು, ಅದೇ ದಿನ, ಅಂದರೆ ಅಕ್ಟೋಬರ 25ರಂದು ತೀರಿಹೋದನು. ಅವನ ಶವವನ್ನು ಸಮುದ್ರಕ್ಕೆ ಒಪ್ಪಿಸಿದರು. ತಾಯಿಗೆ ಹೋಗಿ ಅಳಲು ಒಂದು ಗೋರಿಯೂ ಇಲ್ಲ.

ಇಂಗ್ಲಂಡಿನ ಡಾರ್ಕಿಂಗ್ ಎಂಬ ಊರಿನ ವ್ಯಾಲಂಟೈನ್ ಸ್ಟ್ರಡ್‌ವಿಕ್ ಎಂಬವನೂ 14ನೆಯ ವರುಷದಲ್ಲಿ ಸೇರಿದನು. 1916ನೆಯ ಜನವರಿ 14ರಂದು ಬೆಲ್ಜಿಯಮಿನಲ್ಲಿ ಗುಂಡು ಸಿಡಿದು ಸತ್ತನು. ಇನ್ನೊಂದು ತಿಂಗಳು ಬದುಕಿದ್ದರೆ ಅವನಿಗೆ 16 ತುಂಬುತ್ತಿತ್ತು. ಈಪ್ರ್ ಪಟ್ಟಣದ ಹತ್ತಿರವಿರುವ ಅವನ ಗೋರಿಕಲ್ಲಿನ ಮೇಲೆ 15 ಎಂಬ ವಯಸ್ಸನ್ನು ಕೆತ್ತಿದ್ದಾರೆ. ನೋಡ ಬರುವ ಶಾಲೆಯ ಮಕ್ಕಳು ಅಲ್ಲಿ ಮೌನವಾಗಿ ನಿಲ್ಲುತ್ತಾರೆ.

ಜಾಕ್ ಕಾರ್ನ್‌ವೆಲ್ ಎಂಬ 16 ವರುಷದ ನಾವಿಕ ಹುಡುಗನು 1916ನೆಯ ಮೇ 31ರಂದು ಜಟ್ಲಂಡ್ ಸಮುದ್ರಯುದ್ಧದಲ್ಲಿ ತನ್ನ ಫಿರಂಗಿಯ ಬಳಿಯ ಜನರೆಲ್ಲರೂ ಬಿದ್ದುಹೋದರೂ ಅಪ್ಪಣೆಗಾಗಿ ಕಾದುಕೊಂಡು ತನ್ನ ಸ್ಥಳದಲ್ಲೇ ನಿಂತನು. ಎರಡು ದಿನಗಳ ಮೇಲೆ ಗಾಯಗಳಿಂದ ಸತ್ತನು. ಅವನಿಗೆ ವಿಕ್ಟೋರಿಯಾ ಕ್ರಾಸ್ ಎಂಬ ಅತ್ಯುನ್ನತ ಪದಕವನ್ನು ಕೊಟ್ಟರು.

ಪ್ರಿಯರೇ, ಇವರನ್ನು ನಾವು ಹೇಗೆ ನೆನಸತಕ್ಕದ್ದು? ಮೂರು ಮಾತುಗಳನ್ನು ನಿಮ್ಮ ಮುಂದಿಡುತ್ತೇವೆ.

ಒಂದನೆಯದಾಗಿ, ಗೌರವದಿಂದ ನೆನಸಬೇಕು. ಸೈನಿಕವೃತ್ತಿಯೇ ಪಾಪವೆಂದು ನಾವು ಹೇಳುವದಿಲ್ಲ. ನಾಯಿನ ಊರಿನ ಸಂಗತಿಗೆ ಮುಂಚೆ ಅದೇ ಅಧ್ಯಾಯದಲ್ಲಿ ಒಬ್ಬ ಶತಾಧಿಪತಿಯ ನಂಬಿಕೆಯನ್ನು ಕರ್ತನು ಹೊಗಳಿದ್ದಾನಲ್ಲವೇ? ಆ ಹುಡುಗರು ತಮ್ಮ ಪ್ರಾಣಕ್ಕಿಂತ ಹೆಚ್ಚಿನದೊಂದುಂಟೆಂದು ಎಣಿಸಿದರು. ತನ್ನ ಸ್ಥಳವನ್ನು ಬಿಟ್ಟು ಓಡದೆ ನಿಂತ ಬಾಲಕನನ್ನು ಅಲ್ಪನೆಂದು ಎಣಿಸಲು ನಾವು ಯಾರು?

ಎರಡನೆಯದಾಗಿ, ಪಶ್ಚಾತ್ತಾಪದಿಂದ ನೆನಸಬೇಕು. ಇಲ್ಲಿ ನಾವು ಎಚ್ಚರವಾಗಿರತಕ್ಕದ್ದು. ಪದಕ ಕೊಟ್ಟು ಹೊಗಳುವದು ಸುಲಭ. ಆ ಹೊಗಳಿಕೆಯ ಹಿಂದೆ ಹಿರಿಯರು ತಮ್ಮ ತಪ್ಪನ್ನು ಅಡಗಿಸುವದೂ ಸುಲಭ. ಹುಡುಗನು ಸುಳ್ಳು ಹೇಳಿದ್ದು ನಿಜ. ಆದರೆ ಆ ಸುಳ್ಳು ಬೇಕಾಗಿದ್ದದ್ದು ದೊಡ್ಡವರಿಗೆ. ಮುಂಬೈಯಲ್ಲಿ ಹುಟ್ಟಿದ ಪ್ರಸಿದ್ಧ ಗ್ರಂಥಕರ್ತನಾದ ರಡ್ಯರ್ಡ್ ಕಿಪ್ಲಿಂಗನ ಮಗನನ್ನು ದೃಷ್ಟಿ ಮಂದವೆಂದು ಸೈನ್ಯದವರು ಬೇಡವೆಂದಿದ್ದರು. ತಂದೆಯು ತನ್ನ ಸ್ನೇಹಿತನಾದ ಸೇನಾಧಿಪತಿಗೆ ಹೇಳಿ ಅವನನ್ನು ಸೇರಿಸಿದನು. 1915ನೆಯ ಸಪ್ಟೆಂಬರ 27ರಂದು ಲೂಸ್ ಎಂಬಲ್ಲಿ ಆ 18 ವರುಷದ ಮಗನು ಕಾಣದೆ ಹೋದನು. ತಂದೆಯು ಬದುಕಿರುವ ತನಕ ಅವನ ಶವವು ಸಿಕ್ಕಲಿಲ್ಲ. ಅಬ್ಷಾಲೋಮನಿಗಾಗಿ ಬಾಗಲ ಮೇಲಿನ ಕೋಣೆಯಲ್ಲಿ ಅತ್ತ ದಾವೀದನನ್ನು ನೆನಸಿರಿ. ತಂದೆಯ ಶೋಕದಲ್ಲಿ ತಂದೆಯ ತಪ್ಪೂ ಬೆರೆತಿರುವಾಗ ಆ ಕಣ್ಣೀರು ಎಷ್ಟು ಕಹಿ!

ಆದರೆ ಸತ್ಯವು ಪ್ರಾಣವನ್ನು ಉಳಿಸಿದ ಸಂಗತಿಯೂ ಉಂಟು. ಆರ್ಥರ್ ಮಾರ್ಕಮ್ ಎಂಬವನು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಈ ಹುಡುಗರ ಪಕ್ಷವಾಗಿ ಬಿಡದೆ ಮಾತಾಡಿದನು. 1916ರಲ್ಲಿ, ತಂದೆತಾಯಿಗಳು ಜನನಪತ್ರವನ್ನು ತೋರಿಸಿ ಬೇಡಿಕೊಂಡರೆ ಎಳೆಯರನ್ನು ರಣರಂಗದಿಂದ ಹಿಂದಕ್ಕೆ ತರಿಸುವ ಏರ್ಪಾಡಾಯಿತು. ಒಂದು ಹಾಳೆ ಕಾಗದದ ಸತ್ಯವು ಎಷ್ಟೋ ಚಟ್ಟಗಳನ್ನು ತಡೆದು ನಿಲ್ಲಿಸಿತು.

ಇದು ನಮ್ಮ ಗ್ರಾಮಸಭೆಗಳಿಗೆ ತಗಲುವ ಮಾತು. ನಮ್ಮಲ್ಲಿಯೂ ಮಕ್ಕಳ ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳುವದು ಪಾಪವೆಂದು ಎಷ್ಟು ಮಂದಿ ಎಣಿಸುತ್ತಾರೆ? ಕೂಲಿಗೆ ಕಳುಹಿಸಲಿಕ್ಕೆ ಎರಡು ವರುಷ ಕೂಡಿಸುತ್ತೇವೆ. ಹೆಣ್ಣು ಮಗಳ ಮದುವೆ ಬೇಗ ಮುಗಿಸಲಿಕ್ಕೆ ಮೂರು ವರುಷ ಕೂಡಿಸುತ್ತೇವೆ. ದೇವರು ಎಣಿಸಿಕೊಟ್ಟ ವರುಷಗಳಿಗೆ ನಾವು ಕೂಡಿಸುವದೆಂದರೆ ಮಗುವಿನ ಬಾಲ್ಯವನ್ನು ಕದಿಯುವದೇ ಸರಿ. ಮಗು ಹುಟ್ಟಿದ ಕೂಡಲೇ ಸರಕಾರದ ಜನನದ ದಫ್ತರದಲ್ಲಿಯೂ ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿಯೂ ದಿನವನ್ನು ಸರಿಯಾಗಿ ಬರೆಸಿರಿ. ಸಭೆಯ ಹಿರಿಯರೇ, ಯಾರ ಮುಖದಾಕ್ಷಿಣ್ಯಕ್ಕೂ ಆ ಬರಹವನ್ನು ತಿದ್ದಬೇಡಿರಿ. 18 ವರುಷ ತುಂಬದವರನ್ನು ಯುದ್ಧದಲ್ಲಿ ಕಾದಾಡಿಸಬಾರದೆಂದು ಲೋಕದ ರಾಜ್ಯಗಳು 2000ದಲ್ಲಿ ಒಡಂಬಡಿಕೆ ಮಾಡಿಕೊಂಡವು. 2005ರಲ್ಲಿ ಭಾರತವೂ ಅದಕ್ಕೆ ಸೇರಿತು. ಆದರೆ ಬರೆದ ವಯಸ್ಸು ಸುಳ್ಳಾದರೆ ಯಾವ ಒಡಂಬಡಿಕೆಯು ಮಗುವನ್ನು ಕಾದೀತು?

ಮೂರನೆಯದಾಗಿ, ನಿರೀಕ್ಷೆಯಿಂದ ನೆನಸಬೇಕು. ಮಗನನ್ನು ಕಳಕೊಂಡ ಆ ಕಿಪ್ಲಿಂಗನೇ ಮುಂದೆ ಯುದ್ಧದ ಗೋರಿಗಳನ್ನು ನೋಡಿಕೊಳ್ಳುವ ಸಂಘದಲ್ಲಿ ಸೇರಿ, ಗುರುತು ಸಿಕ್ಕದವರ ಗೋರಿಗಳ ಮೇಲೆ ಕೆತ್ತತಕ್ಕ ಮಾತನ್ನು ಆರಿಸಿಕೊಟ್ಟನು. ಇವನು ಯಾರೆಂಬದನ್ನು ದೇವರು ಬಲ್ಲನೆಂಬದೇ ಆ ಮಾತಿನ ಅರ್ಥ. ಆ ಗೋರಿಕಲ್ಲುಗಳಲ್ಲಿ ಸೇನಾಧಿಪತಿಗೆ ದೊಡ್ಡದು, ಸಿಪಾಯಿಗೆ ಚಿಕ್ಕದು ಎಂಬ ಭೇದವಿಲ್ಲ. ಮನುಷ್ಯರು ಸತ್ತವರಿಗೆ ಕೊಟ್ಟ ಈ ಸಮಾನತೆಯನ್ನು ದೇವರು ಬದುಕಿರುವವರಿಗೂ ಕೊಟ್ಟಿದ್ದಾನೆ. ಸಮುದ್ರದ ತಳದಲ್ಲಿರುವ 14 ವರುಷದ ಬಾಲಕನೂ ಆತನಿಗೆ ಕಾಣದವನಲ್ಲ. ನಾಯಿನ ಬಾಗಲಲ್ಲಿ ಮಗನನ್ನು ಎಬ್ಬಿಸಿ ತಾಯಿಗೆ ಒಪ್ಪಿಸಿದ ಕೈ ಇನ್ನೂ ಮೋಟಾಗಿಲ್ಲ.

ಕಡೆಯದಾಗಿ ಒಂದು ಚಿಕ್ಕ ಮಾತು. ನಮ್ಮ ದೇಶದಲ್ಲಿಯೂ 2022ರಲ್ಲಿ ಆರಂಭವಾದ ಅಗ್ನಿಪಥವೆಂಬ ಯೋಜನೆಯ ಪ್ರಕಾರ ಹದಿನೇಳೂವರೆ ವರುಷದ ಹುಡುಗರು ಸೈನ್ಯಕ್ಕೆ ಸೇರಬಹುದು. ನಿಮ್ಮ ಊರಿನಿಂದ ಅಂಥವನು ಹೋಗಿದ್ದರೆ, ಅವನು ಯಾವ ಜಾತಿಯವನೇ ಆಗಲಿ, ಯಾವ ಮತದವನೇ ಆಗಲಿ, ಅವನ ತಾಯಿಯ ಮನೆಗೆ ಹೋಗಿ ಬನ್ನಿರಿ. ಅವನಿಗೆ ಸುದ್ದಿ ಕಳುಹಿಸಿರಿ. ಕಾಗದ ಬಾರದೆ ಸತ್ತ ಮಾರ್ಟಿನನನ್ನು ನೆನಸಿದ್ದಕ್ಕೆ ಇದಕ್ಕಿಂತ ಒಳ್ಳೇ ಗುರುತಿಲ್ಲ.

ತಾಯಿಯನ್ನು ಕಂಡು ಕನಿಕರಪಟ್ಟ ಕರ್ತನೇ, ಎಳೆಯರನ್ನು ಕಳಕೊಂಡ ಮನೆಗಳನ್ನು ಸಂತೈಸು. ಹಿರಿಯರಾದ ನಮ್ಮ ತಪ್ಪುಗಳನ್ನು ಕ್ಷಮಿಸು. ನಮ್ಮ ಮಕ್ಕಳ ವರುಷಗಳನ್ನು ಕಾಯುವದಕ್ಕೆ ನಮಗೆ ಸತ್ಯವಾದ ನಾಲಿಗೆಯನ್ನು ಕೊಡು. ಆಮೆನ್.